ಒಂದು ಸ್ವರ ಕೆಳಗೆ

ಥೈರಾಯ್ಡ್ ಆಪರೇಷನ್ ಆದ ಮೇಲೆ ನನ್ನ ಮಾತು ಬೇಗ ಮರಳಿತು, ಮೇಲಿನ ಸ್ವರಗಳು ಮಾತ್ರ ಮರಳಲಿಲ್ಲ. ನಮ್ಮ ರಾಕ್ ಬ್ಯಾಂಡಿನಲ್ಲಿ ಹಾಡುವವಳು ನಾನೊಬ್ಬಳೇ. ಏನೇನೋ ನೆಪ ಹೇಳಿ ಕೆಲವು ತಿಂಗಳು ಪ್ರಾಕ್ಟೀಸ್ ತಪ್ಪಿಸಿದೆ. ಕೊನೆಗೊಂದು ಭಾನುವಾರ ಬೆಳಿಗ್ಗೆ ಶ್ರೀರಾಂಪುರದ ನಮ್ಮ ಪ್ರಾಕ್ಟೀಸ್ ರೂಮಿಗೆ ಹೋಗಿ ಹಾಡಿದೆ. ಪಲ್ಲವಿಯ ತುದಿಯಲ್ಲಿ ಗಂಟಲು ಕೈಕೊಟ್ಟಿತು. ಎಲ್ಲರೂ ನುಡಿಸುವುದನ್ನು ನಿಲ್ಲಿಸಿದರು.

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಅಂದೆ.

ಗಿಟಾರ್ ನುಡಿಸುವ ಗೆಳೆಯ ಆಗಲೇ ತಂತಿ ಸಡಿಲಿಸುತ್ತಿದ್ದ. "ಸುಮ್ನಿರು ಗುರು. ಒಂದು ಸ್ವರ ಇಳಿಸಿ ನುಡಿಸ್ತೀವಿ, ನೀನು ಹಾಡು," ಅಂದ.

ಹಾಡಿದೆ, ಸಲೀಸಾಗಿ ಬಂತು. ನನ್ನ ಕೆಳಗಿನ ದನಿ ಇಷ್ಟು ತುಂಬಿದೆಯೆಂದು ನನಗೇ ಗೊತ್ತಿರಲಿಲ್ಲ. ಹಾಡು ಮುಗಿದ ಮೇಲೆ ಆಂಪ್ಲಿಫೈಯರ್ ಪಕ್ಕ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಹಸಿವಾಯಿತು. ಎಲ್ಲರೂ ದೋಸೆ ತಿನ್ನಲು ಮಲ್ಲೇಶ್ವರಕ್ಕೆ ನಡೆದೆವು.