ಕಂಬಣ್ಣ ಹೊರಗೆ ಬಂದ ಪುಟ

ಆ ಪುಸ್ತಕವನ್ನು ಅವಳು ಮೊದಲು ಕಂಡದ್ದು ಕ್ಷೌರದಂಗಡಿಯಲ್ಲಿ. ಆಗ ಅವಳಿಗೆ ಹನ್ನೊಂದು, ತಮ್ಮನಿಗೆ ಏಳು. ತಮ್ಮನ ಕೂದಲು ಕಣ್ಣಿಗೆ ಬೀಳುತ್ತಿದೆ ಎಂದು ಅಮ್ಮ ಇಬ್ಬರನ್ನೂ ಅಟ್ಟಿದ್ದಳು. ಗೋಡೆಗೊತ್ತಿ ಹಾಕಿದ್ದ ಉದ್ದ ಬೆಂಚಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ತುರುಕಿದ್ದ ಕಾಗದದ ಕಂತೆಯಿಂದ ನೀಲಿ ಬಣ್ಣದ ಮುಷ್ಟಿಯೊಂದು ಇಣುಕುತ್ತಿತ್ತು. ಅವಳು ಬಗ್ಗಿ ಎಳೆದಳು. ಬೆಂಚು ಓಲಾಡಿತು. ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತಿ, "ಏನಮ್ಮ, ಭೂಕಂಪಾನಾ?" ಎಂದು ಕೇಳಿ ಮತ್ತೆ ಪತ್ರಿಕೆಯೊಳಗೆ ಮುಳುಗಿದರು.

ಅದು ರಟ್ಟು ಹೋದ ಕಾಮಿಕ್. ಕೊನೆಯ ಹಾಳೆಯೂ ಇರಲಿಲ್ಲ. ಹೆಸರೇ ಗೊತ್ತಿಲ್ಲದ ಆ ಕಥೆಯಲ್ಲಿ ಐದು ಜನರ ತಂಡ. ಬಂಡೆ ಎತ್ತುವ ಹೆಂಗಸು, ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಲವನ್ನೇ ನಿಲ್ಲಿಸುವ ಅಜ್ಜ, ನೀರಾಗಿ ಆವಿಯಾಗಿ ಎಲ್ಲಿ ಬೇಕಾದರೂ ನುಸುಳುವ ಅವಳಿಗಳು. ಐದನೆಯವನು ನಿಂತಲ್ಲೇ ಮೈಯನ್ನು ಕಂಬದಷ್ಟು ಗಟ್ಟಿ ಮಾಡಿಕೊಳ್ಳಬಲ್ಲವನು. ಹಾರಲಾರ, ಓಡಲಾರ, ನಿಲ್ಲಬಲ್ಲ ಅಷ್ಟೆ. ತಮ್ಮ ಅವನಿಗೆ ಅಲ್ಲೇ ಕಂಬಣ್ಣ ಎಂದು ಹೆಸರಿಟ್ಟ. ಕುರ್ಚಿಯಲ್ಲಿ ಕೂತು, ಅಕ್ಕ ಓದಿ ಹೇಳುವುದನ್ನು ಕೇಳುತ್ತ, ನಿಧಾನವಾಗಿ ಕತ್ತರಿಸಿ ಎಂದು ಕ್ಷೌರಿಕನಿಗೆ ದುಂಬಾಲು ಬಿದ್ದ.

"ಇದಕ್ಕಿಂತ ನಿಧಾನ ಮಾಡಿದ್ರೆ, ಈ ಕಡೆ ಮುಗಿಸೋ ಹೊತ್ತಿಗೆ ಆ ಕಡೆ ಬೆಳೆದಿರುತ್ತೆ ಮರಿ," ಎಂದ ಅವನು. ಕೊನೆಗೆ ಬೆಂಚಿನ ಕಾಲಿಗೆ ಮರದ ಚಕ್ಕೆ ಕೊಟ್ಟು, ಪುಸ್ತಕವನ್ನು ಅವರಿಗೇ ಬಿಟ್ಟುಕೊಟ್ಟ.

ಇದ್ದ ಕೊನೆಯ ಪುಟದಲ್ಲಿ ಸುರಂಗ ಕುಸಿಯುತ್ತಿತ್ತು. ತಂಡದ ಉಳಿದ ನಾಲ್ವರು, ಒಳಗಿದ್ದ ಕೂಲಿಗಳನ್ನು ಹೊತ್ತು ಓಡುತ್ತಿದ್ದರು. ಕಂಬಣ್ಣ ಹೆಗಲ ಮೇಲೆ ಚಾವಣಿಯನ್ನು ತಡೆದು, "ನೀವು ನಡೀರಿ, ನಾನು ಬರ್ತೀನಿ" ಎನ್ನುತ್ತಿದ್ದ. ಬಂದನೋ ಇಲ್ಲವೋ ಹೇಳುವ ಹಾಳೆ ಇಲ್ಲ. ಎಷ್ಟೋ ವಾರ ತಮ್ಮನ ಊಟ ನಿದ್ದೆಗಳಿಗೆಲ್ಲ ಅದೇ ಚಿಂತೆ ಅಂಟಿಕೊಂಡಿತು. ಆಮೇಲೊಂದು ದಿನ ಅವನೇ ಗೆರೆಯ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು, ಪೆನ್ಸಿಲಿನಲ್ಲಿ ಕೊನೆ ಬರೆದು, ಪುಸ್ತಕದ ಹಿಂದೆ ಸಿಕ್ಕಿಸಿಟ್ಟ. ಅಕ್ಕ ಅದನ್ನು ಅರ್ಧ ಕಣ್ಣಲ್ಲಿ ನೋಡಿ ಚೆನ್ನಾಗಿದೆ ಎಂದಳು. ಪರೀಕ್ಷೆಯ ಗಡಿಬಿಡಿ, ಪೂರ್ತಿ ಓದಲಿಲ್ಲ.

ಹದಿನೆಂಟಕ್ಕೆ ಅವಳು ಮುದ್ರಣಾಲಯದ ಬೈಂಡಿಂಗ್ ಕೋಣೆ ಸೇರಿದಳು. ಅಂಟಿನ ವಾಸನೆಯ ಆ ಕೋಣೆಯಲ್ಲಿ ಮೇಸ್ತ್ರಿ ಕಲಿಸಿದ ಮೊದಲ ಪಾಠವೇ ಶೋಧಿಸುವುದು. ಹೊಲಿಗೆಗೆ ಮುಂಚೆ ಒಂದೊಂದೇ ಹಾಳೆ ಮಗುಚಿ, ಟಿಕೆಟ್ಟು, ಒಣಗಿದ ಹೂವು, ಚೀಟಿ, ಏನೇ ಸಿಕ್ಕರೂ ಬುಟ್ಟಿಗೆ. ಪುಸ್ತಕದ್ದಲ್ಲದ್ದು ಪುಸ್ತಕದಲ್ಲಿ ಇರಬಾರದು ಎನ್ನುತ್ತಿದ್ದರು. ಅವಳು ಕಲಿತದ್ದು ಎಷ್ಟರಮಟ್ಟಿಗೆಂದರೆ ಕಣ್ಣು ಮುಚ್ಚಿದರೂ ಬೆರಳು ಬಿಡುತ್ತಿರಲಿಲ್ಲ. ನಾಲ್ಕೈದು ವರ್ಷದಲ್ಲಿ ಎಲ್ಲರ ಬಾಯಲ್ಲೂ ಸೂಜಿಯಕ್ಕ ಆದಳು.

ತಮ್ಮನಿಗೆ ದೂರದ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ ಸಿಕ್ಕಿದಾಗ, ಹೊರಡುವ ಮುಂಚೆ ಏನಾದರೂ ಕೊಡಬೇಕೆಂದು ಆ ಕಾಮಿಕ್ಕನ್ನೇ ಕೋಣೆಗೆ ಒಯ್ದಳು. ಅವತ್ತು ನಲವತ್ತು ರಿಜಿಸ್ಟರು ಹೊಲಿದು ಮುಗಿಸಿದ ಕೈ, ನಲವತ್ತೊಂದನೆಯದಾಗಿ ಅದನ್ನೂ ಎತ್ತಿಕೊಂಡಿತು. ಶೋಧಿಸಿತು, ಹೊಲಿಯಿತು, ಅಂಚು ಕತ್ತರಿಸಿತು, ಕೆಂಪು ಬಟ್ಟೆಯ ರಟ್ಟು ಹಾಕಿತು. ಅಷ್ಟು ಅಚ್ಚುಕಟ್ಟಾದ ಕೆಲಸ ಅವಳು ಅದಕ್ಕೆ ಮುಂಚೆ ಮಾಡಿರಲಿಲ್ಲ.

ತಮ್ಮ ಅದನ್ನು ಹಿಂದಿನಿಂದ ತೆರೆದ. ಒಂದೆರಡು ಹಾಳೆ ತಿರುವಿದ, ಮುಚ್ಚಿದ. ಚೆನ್ನಾಗಿ ಕಟ್ಟಿದ್ದೀಯ ಎಂದ. ಪ್ರಯಾಣದಲ್ಲಿ ಧೂಳಾಗುತ್ತೆ, ಇಲ್ಲೇ ಇರಲಿ ಎಂದು ಮೇಜಿನ ಮೇಲಿಟ್ಟು ಹೋದ. ಯಾಕೆಂದು ಅವಳಿಗೆ ಹೊಳೆದದ್ದು ಮೂರನೆಯ ದಿನ, ಇನ್ನೊಬ್ಬರ ಪುಸ್ತಕ ಶೋಧಿಸುತ್ತಿರುವಾಗ. ತಮ್ಮ ಬರೆದು ಸಿಕ್ಕಿಸಿದ್ದ ಎರಡು ಹಾಳೆಯನ್ನೂ ಅವಳ ಕೈ ಶೋಧಿಸಿ ಎಸೆದಿತ್ತು. ಓಡಿಹೋಗಿ ನೋಡಿದರೆ ಬುಟ್ಟಿ ಖಾಲಿ. ರದ್ದಿ ಗಾಡಿ ಹಿಂದಿನ ದಿನವೇ ಬಂದು ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬುಟ್ಟಿಗೆ ಬಿದ್ದ ಹಾಳೆಗೂ ಅದೇ ಗಾದೆ.

ಅದಾಗಿ ಮೂವತ್ತನಾಲ್ಕು ವರ್ಷ. ತಮ್ಮ ಬರುತ್ತಾನೆ, ಹೋಗುತ್ತಾನೆ, ಭಾನುವಾರ ಫೋನು ಮಾಡುತ್ತಾನೆ. ಬಿಪಿ, ಮಂಡಿನೋವು, ಮಕ್ಕಳ ಓದು, ಎಲ್ಲದರ ಮಾತೂ ಆಗುತ್ತದೆ. ಆ ಹಾಳೆಯ ಮಾತನ್ನು ಅವನೂ ಎತ್ತಲಿಲ್ಲ, ಇವಳಿಗೂ ಬಾಯಿ ಬರಲಿಲ್ಲ. ಬದಲಿಗೆ ಅವಳು ರದ್ದಿಯಲ್ಲಿ ಸಿಕ್ಕಿದ ಕಾಮಿಕ್ಕುಗಳನ್ನೆಲ್ಲ ಆಯ್ದು ಕಟ್ಟಿ ಒಂದು ಕಪಾಟು ತುಂಬಿಸಿದಳು. ಅಮ್ಮನ ವಯಸ್ಸು ಮುಂದಕ್ಕೆ, ಓದು ಹಿಂದಕ್ಕೆ ಎಂದು ಅವಳ ಮಗಳು ಆಡಿಕೊಳ್ಳುತ್ತಾಳೆ. ಒಳಗೆ ಅವಳಿಗೆ ಇದ್ದ ಆಸೆ ಒಂದೇ. ಕಂಬಣ್ಣ ಹೇಗೆ ಹೊರಗೆ ಬಂದ ಎಂದು ತಮ್ಮ ಬರೆದದ್ದನ್ನು ಒಮ್ಮೆ ಪೂರ್ತಿ ಓದಬೇಕು.

ಹೋದ ತಿಂಗಳು, ರಟ್ಟಿನ ಒಳಗೆ ಪುಸ್ತಕದ ಬೆನ್ನಿಗೆ ಬಲ ಕೊಡುವ ಕಾಗದದ ಪಟ್ಟಿ ಹಚ್ಚಲು ತಂದ ರದ್ದಿಯಲ್ಲಿ ಪರಿಚಿತ ನೀಲಿ ಬಣ್ಣ ಕಂಡಿತು. ಅದೇ ಕಾಮಿಕ್ಕಿನ ಬಿಡಿ ಹಾಳೆ, ಕೊನೆಯದು. ಸುರಂಗದ ಬಾಯಿ ಕಲ್ಲಿನಿಂದ ಮುಚ್ಚಿಹೋಗಿತ್ತು. ಹೊರಗೆ ನಾಲ್ವರು ತಲೆ ತಗ್ಗಿಸಿ ನಿಂತಿದ್ದರು. ಕಂಬಣ್ಣ ಬಂದಿರಲಿಲ್ಲ.

ಮನೆಗೆ ಹೋಗಿ ಕೆಂಪು ರಟ್ಟಿನ ಪುಸ್ತಕ ತೆಗೆದು ಮೊದಲಿನಿಂದ ಓದಿದಳು. ಅವಳೇ ಕತ್ತರಿಸಿದ ಅಂಚಿನಲ್ಲಿ ಬಂಡೆ ಎತ್ತುವ ಹೆಂಗಸಿನ ಜಡೆ ಹೋಗಿತ್ತು, ಅಜ್ಜನ ಪಾದ ಹೋಗಿತ್ತು. ಚಿಕ್ಕಂದಿನಲ್ಲಿ ಕಾಣದ್ದೊಂದು ಈಗ ಕಂಡಿತು. ಸುರಂಗದಿಂದ ಓಡುವ ನಾಲ್ವರಲ್ಲಿ ಒಬ್ಬರೂ ಕಂಬಣ್ಣನ ಕಡೆ ತಿರುಗಿ ನೋಡಿರಲಿಲ್ಲ. ಲೋಕದಲ್ಲಿ ಅವನು ಬದುಕಿ ಬಂದದ್ದು ಏಳು ವರ್ಷದ ಹುಡುಗ ಬರೆದ ಎರಡು ಹಾಳೆಯಲ್ಲಿ ಮಾತ್ರ. ಅದನ್ನೇ ಅವಳು ಬುಟ್ಟಿಗೆ ಹಾಕಿದ್ದಳು.

ಮರುದಿನ ತಮ್ಮನ ಊಟದ ಬಿಡುವಿಗೆ ಕೆಲಸದ ಕೋಣೆಯಿಂದಲೇ ಫೋನು ಮಾಡಿದಳು. ಭಾನುವಾರವಲ್ಲದ ದಿನ ಫೋನು ಬಂದದ್ದಕ್ಕೆ ಅವನು ಗಾಬರಿಯಾಗಿ ಯಾರಿಗೆ ಹುಷಾರಿಲ್ಲ ಎಂದ. ಯಾರಿಗೂ ಏನೂ ಆಗಿಲ್ಲ ಎಂದಳು.

"ನೀನು ಬರೆದ ಹಾಳೆ ಬುಟ್ಟಿಗೆ ಹಾಕಿದ್ದು ನಾನೇ ಕಣೋ. ಬೇಕಂತ ಅಲ್ಲ. ಕೈ ಹಾಕಿಬಿಡ್ತು."

ಅವನು ಹಡಗುಕಟ್ಟೆಯ ಗದ್ದಲದಿಂದ ಆಚೆ ಸರಿದದ್ದು ಕೇಳಿಸಿತು.

"ಗೊತ್ತು ಅಕ್ಕ. ಅವತ್ತೇ ಗೊತ್ತಾಯ್ತು."

"ಅದರಲ್ಲಿ ಅವನು ಹೆಂಗೆ ಬಂದ? ಹೇಳು, ಬರ್ಕೋತೀನಿ."

ಅವನು ಬಹಳ ಯೋಚಿಸಿದ. "ಬಂದ, ಅಷ್ಟು ನೆನಪಿದೆ. ಹೆಂಗೆ ಅನ್ನೋದು ಹೋಗ್ಬಿಟ್ಟಿದೆ. ಆಗ ಏನೋ ಭಾರೀ ಉಪಾಯ ಹೊಳೆದಿತ್ತು," ಎಂದು ಸಣ್ಣಗೆ ನಕ್ಕ. ಆಮೇಲೆ ಕೇಳಿದ, "ನಿಜವಾದ ಕೊನೆ ಹಾಳೆ ಎಲ್ಲಾದ್ರೂ ಸಿಕ್ತಾ ನಿಂಗೆ?"

ಆ ಹಾಳೆ ಅವಳ ಮುಂದೆ ಮೇಜಿನ ಮೇಲೇ ಇತ್ತು.

"ಇಲ್ಲ," ಎಂದಳು.

"ಹಾಗಾದ್ರೆ ನಂದೇ ಸರಿ."

"ನಿಂದೇ ಸರಿ."

ಫೋನು ಇಟ್ಟು, ಆ ಹಾಳೆಯನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ, ಅಂಟು ಸವರಿ, ದಪ್ಪ ರಿಜಿಸ್ಟರೊಂದರ ಬೆನ್ನಿಗೆ ಕೂರಿಸಿ ಮೇಲೆ ರಟ್ಟು ಹಾಕಿದಳು. ಒಣಗಲು ಭಾರ ಹೇರಿದಳು. ಮಧ್ಯಾಹ್ನದ ಮೇಲೆ ಅದು ತನ್ನ ಕಚೇರಿಗೆ ಹೊರಟುಹೋಯಿತು.

ಈಗ ಅವಳಿಗೆ ಐವತ್ತೇಳು. ವಾರಕ್ಕೆ ನಾಲ್ಕು ದಿನ ಅದೇ ಕೋಣೆಗೆ ಹೋಗಿ ಪುಸ್ತಕ ಹೊಲಿಯುತ್ತಾಳೆ. ಹಾಳೆಗಳ ನಡುವೆ ಸಿಕ್ಕಿದ ಬಿಡಿ ಕಾಗದವನ್ನು ಲಕೋಟೆಗೆ ಹಾಕಿ, ಪುಸ್ತಕದ ಜೊತೆಯಲ್ಲೇ ಅದರ ಯಜಮಾನರಿಗೆ ಕೊಡುತ್ತಾಳೆ.