ದ್ವೀಪದ ಆಚೆ ಬದಿಯಲ್ಲಿ ಅಕ್ಕನ ಹೆಸರು

ಅಕ್ಕ ತೀರಿಕೊಂಡದ್ದು ಮಂಗಳವಾರ ಬೆಳಿಗ್ಗೆ. ನಾನಾಗ ಮಲಯ್ ನಾಡಿನ ಕ್ಲಾಂಗ್ ಬಂದರಿನಲ್ಲಿ ಕಂಟೇನರ್‌ಗಳ ಲೆಕ್ಕಪಟ್ಟಿ ನೋಡುವ ಕೆಲಸದಲ್ಲಿದ್ದೆ. ಗದಗದಿಂದ ಭಾವ ಫೋನ್ ಮಾಡಿ, ಸಂಜೆಯ ನಮಾಜಿಗೆ ಮೊದಲೇ ಎಲ್ಲ ಮುಗಿಸುತ್ತೇವೆ ಎಂದರು. "ನೀ ಬರೂದ್ರಾಗ ಮಣ್ಣ ಆಗಿರ್ತೈತಿ. ಓಡಿ ಬರಬ್ಯಾಡಪಾ, ಸಾವಕಾಶ ಬಾ." ನಾನು ಆಯ್ತು ಎಂದೆ. ಮಧ್ಯಾಹ್ನ ಎಂದಿನಂತೆ ಊಟ ಮಾಡಿದೆ.

ಮಗಳ ಶಾಲೆಗೆ ರಜೆ ಸಿಕ್ಕ ಆ ಶನಿವಾರಕ್ಕೆಂದು ತಿಯೋಮನ್ ದ್ವೀಪದಲ್ಲಿ ಕೋಣೆ ಹಿಡಿದಿದ್ದೆವು. ಬೇಡ ಅನ್ನಿಸಿದರೆ ಬಿಟ್ಟುಬಿಡೋಣ ಎಂದಳು ಹೆಂಡತಿ. ಹೋಗೋಣ ಎಂದೆ. ಯಾಕೆ ಹಾಗೆಂದೆನೋ ನನಗೂ ತಿಳಿಯದು. ಬೇಡ ಎನ್ನಲು ಬೇಕಾದ ಕಾರಣವೂ ನನ್ನೊಳಗೆ ಇರಲಿಲ್ಲ.

ಮೆರ್ಸಿಂಗ್‌ನಿಂದ ಹೊರಟ ದೋಣಿ ನಮ್ಮನ್ನು ಇಳಿಸಿದ ಪಶ್ಚಿಮ ತೀರದಲ್ಲಿ ಜನವೋ ಜನ. ಲೈಫ್ ಜಾಕೆಟ್ ತೊಟ್ಟವರು ಸಾಲುಗಟ್ಟಿ ಮೀನು ನೋಡಲು ಹೊರಟಿದ್ದರು. ನಮ್ಮ ಕೋಣೆ ಇದ್ದದ್ದು ಪೂರ್ವದ ಬದಿಯಲ್ಲಿ, ಜುವಾರಾ ಎಂಬ ಹಳ್ಳಿಯಲ್ಲಿ. ಜೀಪು ಕಾಡಿನ ಕಡಿದಾದ ಏರು ಹತ್ತಿ ಆಚೆ ಇಳಿದಾಗ ಎದುರಿಗೆ ಉದ್ದನೆಯ ಮರಳು, ನಾಲ್ಕಾರು ಮರದ ಮನೆ, ಒಂದು ಜೆಟ್ಟಿ. ಚೆಲುವಾಗಿತ್ತು. ಅದು ನನಗೆ ತಿಳಿಯುತ್ತಿತ್ತು, ತಾಗುತ್ತಿರಲಿಲ್ಲ.

ಎಂಟು ವರ್ಷದ ಮಗಳು ಮರಳಲ್ಲಿ ಗುಂಡಿ ತೋಡುತ್ತಿದ್ದಳು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಅವಳು ತಲೆ ಎತ್ತದೆ ಕೇಳಿದಳು: "ಪಪ್ಪಾ, ಆರ್ ಯು ಆಂಗ್ರಿ ವಿತ್ ಮಿ?"

"ಇಲ್ಲವ್ವಾ, ಇಲ್ಲ," ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಗುಂಡಿ ತೋಡಲು ನಾನೂ ಕೈ ಹಾಕಿದೆ.

ಕೋಣೆಗಳ ಒಡೆಯ ಒಬ್ಬ ಮುದುಕ. ಎಲ್ಲರೂ ಅವನನ್ನು ಪಾಕ್ಚಿಕ್, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದರು. ಅವನ ಹೆಂಡತಿಗೆ ನನ್ನ ಹೆಂಡತಿ ಅಕ್ಕನ ವಿಷಯ ಹೇಳಿದ್ದಳೆಂದು ಕಾಣುತ್ತದೆ. ಸಂಜೆಯ ನಮಾಜಿನ ಹೊತ್ತಿಗೆ ಆತ ಬಾಗಿಲಿಗೆ ಬಂದು, ನಡಿ, ನಿನ್ನ ಅಕ್ಕನಿಗಾಗಿ ನಮಾಜು ಮಾಡೋಣ ಎಂದ. ದೂರದಲ್ಲಿ ಸತ್ತವರಿಗೆ ಇಲ್ಲಿಂದಲೇ ಜನಾಜಾ ನಮಾಜು ಮಾಡುವುದು ಅವರಲ್ಲಿ ರೂಢಿ. ನಮ್ಮ ಗದಗದಲ್ಲಿ ಅದಿರಲಿಲ್ಲ. ಆದರೂ ಹೋದೆ.

ತಗಡಿನ ಮಾಡಿನ ಸಣ್ಣ ಮಸೀದಿ. ಏಳು ಜನ, ಹೆಚ್ಚಿನವರು ಮೀನು ಹಿಡಿಯುವವರು. ಸಂಜೆಯ ನಮಾಜು ಮುಗಿದ ಮೇಲೆ ಮುಂದೆ ನಿಂತವನು ತಿರುಗಿ, ಆಕೆಯ ಹೆಸರೇನು ಎಂದು ಕೇಳಿದ.

ಹೆಸರು ನಾಲಿಗೆಗೆ ಬರಲಿಲ್ಲ. ಮಾತು ಕಲಿತಾಗಿನಿಂದ ಅವಳನ್ನು ಅಕ್ಕ ಎಂದಷ್ಟೇ ಕರೆದಿದ್ದೆ. ನನಗೆ ಅಕ್ಷರ ಕಲಿಸಿದವಳು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಊರಿಗೆಲ್ಲ ತೋರಿಸಿಕೊಂಡು ಬಂದವಳು. ಏಳೂ ಜನ ಕಾದರು. ಅವಳ ಮದುವೆಯ ಕಾರ್ಡು ನೆನಪು ಮಾಡಿಕೊಂಡು, ಅದರಲ್ಲಿ ಅಚ್ಚಾಗಿದ್ದ ಹೆಸರನ್ನು ಓದಿ ಹೇಳಿದಂತೆ ಹೇಳಿದೆ. ಆತ ಅದನ್ನು ಮಲಯ್ ಉಚ್ಚಾರದಲ್ಲಿ ಮತ್ತೊಮ್ಮೆ ಹೇಳಿ, ಸರಿಯೇ ಎಂದು ಕೇಳಿದ. ಸರಿ ಎಂದೆ.

ಬಾಗುವುದಿಲ್ಲ, ಮಂಡಿಯೂರುವುದಿಲ್ಲ, ನಿಂತೇ ಮಾಡುವ ನಮಾಜು. ಕೆಲವೇ ನಿಮಿಷದಲ್ಲಿ ಮುಗಿಯಿತು. ಒಬ್ಬೊಬ್ಬರಾಗಿ ನನ್ನ ಕೈ ಹಿಡಿದು, ಆ ಕೈಯನ್ನು ತಮ್ಮ ಎದೆಗೆ ಮುಟ್ಟಿಸಿಕೊಂಡು ಹೋದರು. ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ಹೊರಗೆ ಕಾಯುತ್ತಿದ್ದ ಮಗಳು ಬಂದು ಬೆರಳು ಹಿಡಿದಳು.

ಕೋಣೆಗೆ ಮರಳಿ ಬಂದ ಮೇಲೆ ಭಾವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ:

"ಯಾರಪಾ ಅವ್ರು?"

"ಗೊತ್ತಿಲ್ಲ ಭಾವ. ಅವ್ರ ಹೆಸರು ನಾ ಕೇಳ್ಲಿಲ್ಲ."