ನೋಡದೆ ಒತ್ತಿದ ಮುದ್ರೆ

ದಕ್ಷಿಣ ಕೊರಿಯಾದ ಗುನ್ಸಾನ್ ಬಂದರಿನ ಕಾರ್ಮಿಕರ ಆರೋಗ್ಯ ಕೇಂದ್ರಕ್ಕೆ ಸೇರುವ ಮುಂಚೆ ಪ್ಯೋ ಇನ್‌ಸುಕ್ ವಾರ್ಡ್ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಜನರ ಗುರುತಿನ ಚೀಟಿ ನೋಡಿದವರು. ಒಮ್ಮೆ ಕಣ್ಣಿಗೆ ಬಿದ್ದ ಹೆಸರು ಮರೆಯುತ್ತಿರಲಿಲ್ಲ.

ಮೀನು ಡಬ್ಬಿ ಕಾರ್ಖಾನೆಗಳ ಹೆಂಗಸರು ಕೇಂದ್ರದ ಜಾಲತಾಣದಲ್ಲಿ ವೈದ್ಯರಿಗೆ ಪುಕ್ಕಟೆ ಪ್ರಶ್ನೆ ಕೇಳಬಹುದಿತ್ತು. ಆದರೆ ಒಳಹೋಗಲು ಗುರುತಿನ ಚೀಟಿಯಲ್ಲಿರುವ ನಿವಾಸಿ ಸಂಖ್ಯೆ ಕೊಡಬೇಕಿತ್ತು. ಎರಡು ವರ್ಷದಲ್ಲಿ ಬಂದದ್ದು ಏಳೇ ಪ್ರಶ್ನೆ.

ಕಾರಣ ಹೇಳಿದವಳು ಮೀನು ತೊಳೆಯುವ ಬುನ್‌ನಾಮ್. "ಅಕ್ಕಾ, ನಂಬರ್ ಕೊಟ್ಟು ಕೆಮ್ಮು ಅಂತ ಬರೀತೀನಿ. ನಾಳೆ ಮೇಸ್ತ್ರಿ ಬಂದು, 'ಏನಮ್ಮಾ, ಕೆಮ್ಮು ಹೆಂಗಿದೆ? ಮನೇಲೇ ಇರು' ಅಂದ್ರೆ?"

ನಲವತ್ತೇಳನೆಯ ವಯಸ್ಸಿನಲ್ಲಿ ಇನ್‌ಸುಕ್ ಪ್ರೋಗ್ರಾಮಿಂಗ್ ಕಲಿಯಲು ಕೂತರು. ಪುಸ್ತಕದಲ್ಲಿ ಕಂಡ ಒಂದು ಉಪಾಯವನ್ನು ಹದಿನಾಲ್ಕು ತಿಂಗಳು ಹಟ ಹಿಡಿದು ಕಟ್ಟಿದರು. ಕೆಲಸಗಾರ್ತಿಯ ಫೋನು ತಾನೇ ಒಂದು ಗುಪ್ತ ಸಂಖ್ಯೆ ಆರಿಸಿ, ಅದಕ್ಕೆ ಮುಸುಕು ಹಾಕಿ ಕಳಿಸುತ್ತದೆ. ಕೇಂದ್ರದವರು ಗುರುತಿನ ಚೀಟಿ ನೋಡಿ, ಆಕೆ ಕಾರ್ಖಾನೆಯವಳೇ ಎಂದು ಖಚಿತವಾದ ಮೇಲೆ ಮುಸುಕಿನ ಮೇಲೇ ಮುದ್ರೆ ಒತ್ತುತ್ತಾರೆ. ಕಾರ್ಬನ್ ಹಾಳೆಯ ಮೇಲೆ ಒತ್ತಿದ್ದು ಕೆಳಗಿನ ಹಾಳೆಗೂ ಮೂಡುವಂತೆ, ಫೋನು ಮುಸುಕು ತೆಗೆದರೂ ಮುದ್ರೆ ಸಂಖ್ಯೆಯ ಮೇಲೆ ಉಳಿದಿರುತ್ತದೆ. ಅದನ್ನು ಕಂಡು ಜಾಲತಾಣ ಬಾಗಿಲು ತೆರೆಯುತ್ತದೆ. ಬಂದವರು ಯಾರೆಂದು ಮುದ್ರೆ ಒತ್ತಿದವರಿಗೂ ತಿಳಿಯದು.

"ನಮ್ಮ ಕಣ್ಣು ನಾವೇ ಕಟ್ಕೊಳ್ಳೋದಾ?" ಎಂದು ಕೇಂದ್ರದ ನಿರ್ದೇಶಕ ನೋ ಅವರು ರೇಗಿಸಿದರು.

"ಹೌದು ಸಾರ್. ನನ್ನದನ್ನೇ ಮೊದಲು ಕಟ್ಟಿದೀನಿ."

ಮುನ್ನೂರ ನಲವತ್ತು ಮಂದಿ ಮುದ್ರೆ ಪಡೆದರು. ಮೂರು ತಿಂಗಳಲ್ಲಿ ಒಂದೇ ಕಾರ್ಖಾನೆಯ ಹೆಸರು ಹೇಳುವ ಅರವತ್ತು ಪತ್ರ ಜಾಲತಾಣಕ್ಕೆ ಬಂದವು: ತೊಳೆಯುವ ಕೋಣೆಯ ರಾಸಾಯನಿಕದ ಹೊಗೆಗೆ ಎದೆ ಉರಿಯುತ್ತದೆ, ಕೆಮ್ಮಿದರೆ ರಕ್ತ ಬರುತ್ತದೆ. ವೈದ್ಯರು ಕಾರ್ಮಿಕ ಇಲಾಖೆಗೆ ಬರೆದರು, ತಪಾಸಣೆ ನಡೆಯಿತು.

ವಾರದೊಳಗೆ ಆ ಕಾರ್ಖಾನೆಯ ವ್ಯವಸ್ಥಾಪಕ ಬಂದ. "ಬರೆದವರ ಹೆಸರು ಕೊಡಿ."

ನಿರ್ದೇಶಕರು ಇನ್‌ಸುಕ್ ಕಡೆ ನೋಡಿದರು. ಇನ್‌ಸುಕ್ ಗಣಕಯಂತ್ರವನ್ನೇ ಅವನತ್ತ ತಿರುಗಿಸಿದರು. "ಹುಡುಕ್ಕೊಳ್ಳಿ."

ಬರೀ ಸಂಖ್ಯೆಗಳು. ಅವನು ಅರ್ಧ ಗಂಟೆ ತಡಕಿದ. "ನಿಮಗೆ ಒಬ್ಬರ ಹೆಸರೂ ಮರೆಯಲ್ಲ ಅಂತ ಊರೇ ಹೇಳುತ್ತೆ!"

"ಮರೆತಿಲ್ಲ. ಮುದ್ರೆ ಒತ್ತಿಸ್ಕೊಂಡ ಮುನ್ನೂರ ನಲವತ್ತು ಹೆಸರೂ ನೆನಪಿದೆ. ಬರೆದವರು ಯಾರು ಅಂತ ಮಾತ್ರ ನನಗೆ ಗೊತ್ತೇ ಆಗಿಲ್ಲ. ಗೊತ್ತಿಲ್ಲದ್ದನ್ನ ಹೆಂಗೆ ಹೇಳಲಿ?"

ಅವನು ಧಡಾರನೆ ಬಾಗಿಲು ಹಾಕಿಕೊಂಡು ಹೋದ. ನಿರ್ದೇಶಕರು ತಾವೇ ಎದ್ದು ಇನ್‌ಸುಕ್‌ಗೆ ಬಾರ್ಲಿ ಚಹಾ ಬಗ್ಗಿಸಿ ಕೊಟ್ಟರು.

ಆ ವಸಂತದಲ್ಲಿ ತೊಳೆಯುವ ಕೋಣೆಗೆ ದೊಡ್ಡ ಫ್ಯಾನುಗಳು ಬಂದವು. ಯಾರೂ ಕೆಲಸ ಕಳೆದುಕೊಳ್ಳಲಿಲ್ಲ. ಸಂತೆಯಲ್ಲಿ ಸಿಕ್ಕ ಬುನ್‌ನಾಮ್ ಕೈ ಹಿಡಿದು, "ಅಕ್ಕಾ, ನಾನೂ ಒಂದು ಪತ್ರ..." ಎಂದು ಶುರು ಮಾಡಿದಳು.

"ಹೇಳಬೇಡ್ವೇ," ಎಂದು ಇನ್‌ಸುಕ್ ನಕ್ಕು, ಅವಳ ಬುಟ್ಟಿಯಲ್ಲಿದ್ದ ಮೂಲಂಗಿಯ ಬೆಲೆ ಕೇಳಿದರು.